ಎರಡನೆಯ ಪಿನ್ನಿನ ದುಂಬಿ

ಮೊನ್ನೆ ಮಧ್ಯಾಹ್ನ ಟ್ರಂಕಿನ ತಳದಿಂದ ಒಂದು ಡಬ್ಬಿ ತೆಗೆದೆ. ಮೇಲಿದ್ದ ಮದುವೆಯ ಇಳಕಲ್ ಸೀರೆ, ಮಕ್ಕಳ ಕುಲಾವಿ, ಎಲ್ಲವನ್ನೂ ಹಾಸಿಗೆಯ ಮೇಲೆ ಹರವಿ, ತಳದಲ್ಲಿದ್ದ ಹಳೇ ದುಪಟಿಯ ಗಂಟು ಬಿಚ್ಚಿದೆ. ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ನುಸಿಗುಳಿಗೆ ನಮ್ಮ ಟ್ರಂಕಿನಲ್ಲೂ ಇದೆ, ಆದರೆ ಈ ಡಬ್ಬಿಯದರಲ್ಲಿ ಹಳೆಯ ಮರ, ಕಾರ್ಕು, ಯಾವುದೋ ಒಣಗಿದ ಹೂವು ಬೆರೆತ ಹಾಗಿರುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಂಟನೇ ಇಯತ್ತೆಯ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಸಿಸ್ಟರ್ ನಿಂತಿದ್ದರು.

ಡಬ್ಬಿಯನ್ನು ಯಾಕೆ ತೆಗೆದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದ ಗಾಜಿನ ಲೋಟ ಒಂದಿದೆ, ಸದ್ಯಕ್ಕೆ ಅಷ್ಟು ಹೇಳಿದರೆ ಸಾಕು.

ವಿಜಯಪುರದ ನಮ್ಮ ಕಾನ್ವೆಂಟಿನಲ್ಲಿ ಆ ಸಿಸ್ಟರ್ ಜೀವಶಾಸ್ತ್ರ ಕಲಿಸುತ್ತಿದ್ದರು. ಹುಟ್ಟಿದ್ದು ಕರಾವಳಿಯ ಕಡೆ. ಹರೆಯದಲ್ಲೇ ಅವರ ಮಠ ಅವರನ್ನು ಅಟ್ಲಾಂಟಿಕ್ ಸಾಗರದ ನಡುವಿನ ಒಂದು ದ್ವೀಪಕ್ಕೆ ಕಳಿಸಿತ್ತು. ಅಲ್ಲಿಯೇ ಕೂದಲು ಹಣ್ಣಾಗಿ, ಆಮೇಲೆ ನಮ್ಮೂರಿಗೆ ಬಂದಿದ್ದರು. ಅವರದು ಪುಸ್ತಕದ ಕನ್ನಡ. "ಮಕ್ಕಳೇ, ದಯವಿಟ್ಟು ಕುಳಿತುಕೊಳ್ಳಿ" ಅಂದರೆ ಹಿಂದಿನ ಬೆಂಚಿನವರು "ದಯವಿಟ್ಟು ಕುಂಡ್ರತೇವ್ರಿ" ಎಂದು ಮೆಲ್ಲಗೆ ಅಣಕಿಸುತ್ತಿದ್ದರು. ಅವರಿಗೆ ಕೇಳುತ್ತಿತ್ತು. ಮರುದಿನ ಅವರೇ "ಕುಂಡ್ರಿ" ಅಂದು, ಸರಿಯಾಯಿತೇ ಎಂದು ನಮ್ಮ ಮುಖ ನೋಡುತ್ತಿದ್ದರು.

ನಾವು ಅವರಿಗಿಟ್ಟ ಹೆಸರು ಗುಂಗಿ ಸಿಸ್ಟರ್. ನಮ್ಮ ಕಡೆ ಕರ್ರಗೆ, ದಪ್ಪಗೆ, ಗುಂಯ್ ಎಂದು ತೊಲೆ ಕೊರೆಯುವ ದುಂಬಿಗೆ ಗುಂಗಿಹುಳ ಎನ್ನುತ್ತೇವೆ. ನಮ್ಮ ಕ್ಲಾಸಿನ ಕಿಟಕಿಯ ಚೌಕಟ್ಟಿನಲ್ಲಿ ಅದು ದುಂಡಗೆ ತೂತು ಕೊರೆದು, ಕೆಳಗಿನ ನನ್ನ ಪಾಟಿಚೀಲದ ಮೇಲೆ ಮರದ ಪುಡಿ ಉದುರಿಸುತ್ತಿತ್ತು. ಹುಡುಗಿಯರು ಚೀರಿ ಎದ್ದರೆ, ಸಿಸ್ಟರ್ ಮಾತ್ರ ನೀರು ಕುಡಿಯುವ ಗಾಜಿನ ಲೋಟ ತೆಗೆದುಕೊಂಡು ಹೋಗಿ ಅದರ ಮೇಲೆ ಮೆಲ್ಲಗೆ ಬೋರಲು ಹಾಕಿ, ಅಡಿಯಿಂದ ದಪ್ಪ ಕಾಗದ ತೂರಿಸಿ, ಹಿಡಿದುಕೊಂಡು ಬಂದು ಮೇಜಿನ ಮೇಲಿಡುತ್ತಿದ್ದರು.

"ಮೊದಲು ಹೊಟ್ಟೆ ನೋಡಿ. ಮಿಂಚುತ್ತದೆಯೇ? ಎಣ್ಣೆ ಹಚ್ಚಿದ ಹಾಗೆ? ಹಾಗಾದರೆ ಇವಳು ಬಡಗಿ, ನಿಮ್ಮ ಊರಿನವಳು. ಹೊಟ್ಟೆಯ ತುಂಬ ಕೂದಲಿದ್ದು ಕಂಬಳಿ ಹೊದ್ದ ಹಾಗಿದ್ದರೆ ಅವಳು ನನ್ನ ದ್ವೀಪದವಳು."

ಹೀಗೆ ಹೇಳಿ ಅವರು ಮೇಜಿನ ಖಾನೆಯಿಂದ ಡಬ್ಬಿ ತೆಗೆಯುತ್ತಿದ್ದರು. ಗಾಜಿನ ಮುಚ್ಚಳ, ಒಳಗೆ ಕಾರ್ಕಿನ ಹಾಸು, ಮೂಲೆಯಲ್ಲಿ ಒಂದು ನುಸಿಗುಳಿಗೆ. ಹಾಸಿನ ಮೇಲೆ ಪಿನ್ನು ಚುಚ್ಚಿದ ಒಂದು ದುಂಬಿ. ಇಂಗ್ಲಿಷಿನಲ್ಲಿ ಬಂಬಲ್‌ಬೀ ಅನ್ನುತ್ತಾರೆ. ನಾವು ಅದನ್ನು ಕಂಬಳಿ ದುಂಬಿ ಅಂದೆವು, ಸಿಸ್ಟರಿಗೂ ಅದೇ ಹಿಡಿಸಿತು. ಮೈಯೆಲ್ಲ ಕುರಿಮರಿಯ ಹಾಗೆ ದಟ್ಟ ಕರಿಯ ಕೂದಲು. ಬಾಲದ ತುದಿ ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದಷ್ಟು ಬಿಳುಪು. ಬೇರೆ ದೇಶದ ಕಂಬಳಿ ದುಂಬಿಗಳಿಗೆ ಹಳದಿ ಪಟ್ಟಿ ಇರುತ್ತದಂತೆ. ಸಾಗರದ ನಡುವೆ ಒಂಟಿಯಾಗಿ ಸಾವಿರಾರು ವರ್ಷ ಬಾಳಿದ ಇದು ಆ ಹಳದಿಯನ್ನು ಕಳೆದುಕೊಂಡಿದೆ ಎನ್ನುತ್ತಿದ್ದರು. ಕಲ್ಲುಸಂದಿಯಲ್ಲೋ ಇಲಿ ಬಿಟ್ಟುಹೋದ ಬಿಲದಲ್ಲೋ ಗೂಡು ಕಟ್ಟುವುದು, ಚಳಿಗೆ ರೆಕ್ಕೆ ಆಡಿಸದೆ ಎದೆಯನ್ನಷ್ಟೇ ನಡುಗಿಸಿ ಮೈ ಬಿಸಿ ಮಾಡಿಕೊಳ್ಳುವುದು, ಕೆಲವು ಹೂವಿಗೆ ಜೋತುಬಿದ್ದು ಗುಂಯ್‌ಗುಟ್ಟಿ ಪರಾಗ ಉದುರಿಸುವುದು... ಹೇಳುತ್ತ ಹೇಳುತ್ತ ಸಿಸ್ಟರು ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಧೂಳು ಹೊತ್ತ ಬೇವಿನ ಮರ ಬಿಟ್ಟರೆ ಏನೂ ಇರಲಿಲ್ಲ.

ದುಂಬಿಯ ಪಕ್ಕದಲ್ಲಿ ಇನ್ನೊಂದು ಪಿನ್ನು ಇತ್ತು. ಅದು ಖಾಲಿ. ಏನೋ ಇದ್ದು ಕಿತ್ತು ತೆಗೆದ ಹಾಗೆ ಪಿನ್ನಿನ ಬುಡದಲ್ಲಿ ಸಣ್ಣದೊಂದು ಕಲೆ. ಸಣ್ಣಪುಟ್ಟದ್ದನ್ನು ಗಮನಿಸುವುದು ನನಗೆ ಚಿಕ್ಕಂದಿನಿಂದಲೂ ಅಭ್ಯಾಸ. ಒಂದು ಸಲ ಕೇಳಿಯೇಬಿಟ್ಟೆ.

"ಸಿಸ್ಟರ್, ಆ ಪಿನ್ನಿಗೆ ಯಾಕ ಏನೂ ಇಲ್ಲರಿ?"

ಅವರು ಡಬ್ಬಿ ಮುಚ್ಚಿದರು. "ಕಂಬಳಿ ದುಂಬಿ ನಿಮ್ಮ ಊರಿನಲ್ಲಿ ಸಿಗುವುದಿಲ್ಲ. ಸಿಗಬಾರದು ಕೂಡ," ಎಂದರು. ನನ್ನ ಪ್ರಶ್ನೆಗೆ ಅದು ಉತ್ತರವೇ ಅಲ್ಲ ಎಂದು ಆಗ ಅನ್ನಿಸಿತ್ತು.

ಮದುವೆಯಾಗಿ ನಾನು ವಿಜಯಪುರದಲ್ಲೇ ಉಳಿದೆ. ಸಿಸ್ಟರು ಕೆಲಸದಿಂದ ನಿವೃತ್ತರಾಗಿ ಕಾನ್ವೆಂಟಿನ ಹಿಂದಿನ ಕೋಣೆಯಲ್ಲಿರುತ್ತಿದ್ದರು. ಹಬ್ಬಕ್ಕೆ ಶೇಂಗಾ ಹೋಳಿಗೆ ಒಯ್ದು ಕೊಡುವ ನೆವದಲ್ಲಿ ಹೋಗಿ ಕೂತು ಬರುತ್ತಿದ್ದೆ. ಅವರಿಗೊಂದು ಆಸೆ ಇತ್ತು, ಎಳ್ಳ ಅಮಾವಾಸ್ಯೆಯ ಚರಗ ನೋಡಬೇಕೆಂದು. ಆ ದಿನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ ಕಲಸಿ, ಹೊಲದ ಸುತ್ತ ಸೀಮೆಯುದ್ದಕ್ಕೂ ಚೆಲ್ಲುತ್ತ ನಡೆಯುತ್ತೇವೆ. ಭೂಮಿತಾಯಿಗೆ, ಹಕ್ಕಿಗೆ, ಇರುವೆಗೆ, ಬೆಳೆ ತಿನ್ನುವ ಹುಳಕ್ಕೂ ಸಹ. ಆ ದಿನ ಹೊಲದಲ್ಲಿ ಯಾವ ಜೀವವೂ ಹಸಿದಿರಬಾರದು.

ನನ್ನ ತವರು ತಿಕೋಟಾ ಸಮೀಪದ ಬಿಜ್ಜರಗಿ. ಅಲ್ಲಿ ಅವ್ವ, ಅಣ್ಣ, ವೈನಿ ಇದ್ದಾರೆ. ವೈನಿ ಎಂದರೆ ಅಣ್ಣನ ಹೆಂಡತಿ. ಆ ವರ್ಷ ಮಠದಲ್ಲಿ ಒಪ್ಪಿಗೆ ಕೇಳಿ, ಎರಡು ದಿನದ ಮಟ್ಟಿಗೆ ಸಿಸ್ಟರನ್ನು ಕರೆದುಕೊಂಡು ಹೊರಟೆ. ಬಸ್ಸಿನ ಕಿಟಕಿಯಿಂದ ಎರೆಮಣ್ಣಿನ ಹೊಲ ನೋಡುತ್ತ ಅವರೆಂದರು: "ನನ್ನ ದ್ವೀಪದ ನೆಲವೂ ಇದೇ ಬಣ್ಣ. ಅದು ಮೊನ್ನೆಯ ಲಾವಾ, ಇದು ಮುತ್ತಜ್ಜನ ಕಾಲದ್ದು."

ಹೊಲದಲ್ಲಿ ಸೂರ್ಯಕಾಂತಿ ಅರಳಿತ್ತು, ಕುಸುಬೆ ಆಗಷ್ಟೇ ಮೊಗ್ಗು. ಒಂದು ಕಡೆ ದ್ರಾಕ್ಷಿಪಡ, ಅದರಾಚೆ ಅಣ್ಣ ಹೊಸದಾಗಿ ಹಾಕಿದ ಪಾಲಿಹೌಸು. ಬಿಳಿ ಪ್ಲಾಸ್ಟಿಕ್ಕಿನ ದೊಡ್ಡ ಮಂಟಪದ ಹಾಗೆ ಕಾಣುತ್ತಿತ್ತು. ಒಳಗೆ ಟೊಮೆಟೊ. ನಡುವೆ ನಮ್ಮ ಅಜ್ಜನ ಕಾಲದ ಕಲ್ಲು ಕಟ್ಟಿದ ಬಾವಿ. ಆ ಬಾವಿಯ ಕಲ್ಲುಸಂದಿಯಲ್ಲಿ ತುಡುವಿ ಜೇನು ಇದ್ದವು, ನನಗೆ ತಿಳಿವು ಬಂದಾಗಿನಿಂದ. ನೀರು ಸೇದಲು ಬಗ್ಗಿದರೆ ಕೆಳಗಿನಿಂದ ಒಂದು ಮಂದ ಝೇಂಕಾರ ಬರುತ್ತಿತ್ತು. ಅವ್ವ ಅದನ್ನು ಬಾವಿಯ ಉಸಿರು ಅನ್ನುತ್ತಿದ್ದಳು. ಚರಗದ ದಿನ ಮೊದಲ ಹಿಡಿ ಬಾವಿಗೇ. "ನಮ್ಮ ಹೊಲದಾಗ ಹೂ ಕಾಯಾಗೂದು ಇವುಗಳ ದಯಾದಿಂದ," ಎಂದು ಪ್ರತಿ ವರ್ಷ ಹೇಳುತ್ತಿದ್ದಳು.

ಸಿಸ್ಟರು ಬೂಟು ಬಿಚ್ಚಿ, ಬಿಳಿ ನಿಲುವಂಗಿಯನ್ನು ಸ್ವಲ್ಪ ಎತ್ತಿ ಹಿಡಿದು ನಮ್ಮ ಹಿಂದೆ ಬರಿಗಾಲಲ್ಲಿ ನಡೆದರು. ಹೆಂಟೆ ಚುಚ್ಚಿದಾಗೆಲ್ಲ "ಅಯ್ಯೋ ದೇವಾ" ಅನ್ನುವರು.

"ಸಿಸ್ಟರ್‌ಗೋಳ, ನಿಮ್ಮ ದೇವ್ರು ನಮ್ಮ ಹೊಲದಾಗ ಬರಿಗಾಲಿಲೆ ಅಡ್ಡ್ಯಾಡತಾನೇನ್ರಿ?" ವೈನಿ ಕೀಟಲೆ ಮಾಡಿದಳು.

"ಅಡ್ಡಾಡ್ತಾನ್ರಿ. ಅವನಿಗೆ ನಿಮ್ಮ ಕಡಬು ಸೇರ್ತದ್ರಿ," ಎಂದು ಸಿಸ್ಟರು ಇದ್ದಬದ್ದ 'ರಿ'ಗಳನ್ನೆಲ್ಲ ಸೇರಿಸಿದಾಗ ಅವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಸಿಸ್ಟರೂ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಕಡೆಯ ಸಲ ಎಂದು ನೆನಪು.

ಚರಗ ಮುಗಿಸಿ ಬರುವಾಗ ಅಣ್ಣ, "ಬರ್ರಿ ಸಿಸ್ಟರ್, ನಿಮಗೊಂದು ಮಜಾ ತೋರಸ್ತೇನಿ," ಎಂದು ಪಾಲಿಹೌಸಿನ ಒಳಗೆ ಕರೆದ. ನೋಡಲು ಬರುವ ಬೀಗರು, ನೆಂಟರಿಗೆಂದು ಅಂದು ಪಕ್ಕದ ಪರದೆಗಳನ್ನೆಲ್ಲ ಮೇಲೆ ಸುತ್ತಿ ಕಟ್ಟಿದ್ದರು. ಒಳಗೆ ಹಸಿರು ವಾಸನೆ, ಬೆಚ್ಚನೆಯ ಗಾಳಿ. ಗಾಳಿಯಿಲ್ಲದ ಮಂಟಪದಲ್ಲಿ ಟೊಮೆಟೊ ಹೂ ಕಾಯಿಗಟ್ಟದೆ ಉದುರುತ್ತವೆ, ದಿನಾ ಬೆಳಿಗ್ಗೆ ಆಳುಗಳು ಬಳ್ಳಿಯ ದಾರ ಬಡಿದು ಹೂ ಅಲುಗಿಸಬೇಕು, ಆದರೂ ಕಾಯಿ ಅರೆಬರೆ ಎಂದು ಅಣ್ಣ ಹೇಳುತ್ತಿದ್ದ. ಅವನ ಮಾತು ಕೇಳುತ್ತಲೇ ಸಿಸ್ಟರು ನಿಂತುಬಿಟ್ಟರು. ತಲೆ ಒಂದು ಕಡೆಗೆ ವಾಲಿಸಿ ಏನನ್ನೋ ಆಲಿಸುತ್ತಿದ್ದರು. ನನಗೂ ಕೇಳಿಸಿತು. ಗುಂಗಿಹುಳಕ್ಕಿಂತ ಸಣ್ಣ ದನಿ, ಜೇನಿಗಿಂತ ದಪ್ಪ. ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ.

ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಹೂವಿನ ಕಡೆ ಇನ್ನೂ ಕಣ್ಣು ಹಾಯಿಸಿರಲಿಲ್ಲ ಅವರು.

ಸಾಲಿನ ಕೊನೆಯಲ್ಲಿ ಒಂದು ಕಲ್ಲಿನ ಮೇಲೆ ರಟ್ಟಿನ ಡಬ್ಬಿ ಇತ್ತು. ಅರಿಷಿಣ ಕುಂಕುಮ ಹಚ್ಚಿ, ಮುಂದೆ ಅಕ್ಕಿ, ಉತ್ತತ್ತಿ, ಬಳೆ, ಕುಬಸದ ಕಣ ಇಟ್ಟಿದ್ದರು. "ಒಳಗ ರಾಣಿ ಅದಾಳಂತರಿ. ರಾಣಿ ಅಂದಮ್ಯಾಲ ಮನಿಗೆ ಬಂದ ಮುತ್ತೈದಿ, ಬರಿಗೈಲೆ ಹ್ಯಾಂಗ ಒಳಗ ಕರೀಬೇಕು? ಅದಕ್ಕ ಉಡಿ ತುಂಬೇನಿ," ಎಂದಳು ವೈನಿ. ಕನಮಡಿಯ ಆಚೆ, ಮಹಾರಾಷ್ಟ್ರದ ಗಡಿ ದಾಟಿ ಬಂದ ಒಬ್ಬ ಏಜೆಂಟ ತಂದುಕೊಟ್ಟ ಫಾರಿನ್ ದುಂಬಿ. ಕಾಗದಪತ್ರ ಏನೂ ಕೇಳಬೇಡ ಅಂದಿದ್ದನಂತೆ. ಒಳ್ಳೆಯ ದಿನವೆಂದು ಅಣ್ಣ ಅವತ್ತೇ ಬೆಳಿಗ್ಗೆ ಅದರ ಬಾಗಿಲು ತೆಗೆದಿದ್ದ.

ಸಿಸ್ಟರು ರಟ್ಟಿನ ಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಡಬ್ಬಿ ಬೆಚ್ಚಗಿತ್ತು. ಜ್ವರ ಬಂದ ಕೂಸಿನ ಹೊಟ್ಟೆಯ ಹಾಗೆ.

"ಹೂವಿನ ಮೇಲಿರುವುದನ್ನು ನೋಡಿ ಹೇಳು," ಎಂದರು ನನಗೆ, ಕ್ಲಾಸಿನಲ್ಲಿ ಹೇಳುವ ಹಾಗೆಯೇ.

ನೋಡಿದೆ. ಹೊಟ್ಟೆ ಮಿಂಚುತ್ತಿರಲಿಲ್ಲ. ಕಂಬಳಿ. ಕುತ್ತಿಗೆಯ ಹತ್ತಿರ ಒಂದು ಹಳದಿ ಪಟ್ಟಿ, ಹೊಟ್ಟೆಯ ಮೇಲೊಂದು. ಬಾಲ ಬೆಳ್ಳಗೆ. ನೋಡುತ್ತಿದ್ದ ಹಾಗೇ ಅದು ಟೊಮೆಟೊ ಹೂವಿಗೆ ಜೋತುಬಿದ್ದು ಗುಂಯ್ ಅಂದಿತು, ಹಳದಿ ಪುಡಿ ಬುಳಕ್ಕನೆ ಉದುರಿತು. ಅಣ್ಣ ಚಪ್ಪಾಳೆ ತಟ್ಟಿದ. "ನೋಡಿದ್ಯಾ? ಆಳ ಮಾಡೂ ಕೆಲಸ!"

"ಇದು ದ್ವೀಪದ್ದಲ್ಲ ಸಿಸ್ಟರ್," ಎಂದೆ. "ಹಳದಿ ಪಟ್ಟಿ ಐತಿ."

"ಹೌದು. ಖಾಲಿ ಪಿನ್ನಿನಲ್ಲಿ ಇದ್ದವಳು ಇವಳೇ."

ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕೂತು ಅವರು ಹೇಳಿದ್ದನ್ನು ನಾವೆಲ್ಲ ನಿಂತು ಕೇಳಿದೆವು. ದ್ವೀಪಕ್ಕೆ ಒಂದು ಕಾಲದಲ್ಲಿ ಇಂಥವೇ ಡಬ್ಬಿಗಳು ಹಡಗಿನಲ್ಲಿ ಬಂದವು, ಟೊಮೆಟೊ ಮಂಟಪಗಳಿಗೆಂದು. ಎಲ್ಲರೂ ಖುಷಿಪಟ್ಟರು, ಮಠದ ಅಡುಗೆಮನೆಗೂ ಬುಟ್ಟಿ ತುಂಬ ಟೊಮೆಟೊ ಬಂದಿತು. ಮಂಟಪದ ಹರಕಿನಿಂದ ದುಂಬಿಗಳು ಹೊರಬಿದ್ದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಿಸ್ಟರು ಒಂದನ್ನು ಹಿಡಿದು, ಅಂದವಾಗಿದೆ ಎಂದು, ಕರಿಯ ದುಂಬಿಯ ಪಕ್ಕದಲ್ಲಿ ಪಿನ್ನು ಚುಚ್ಚಿಟ್ಟರು. ಕೆಲವು ವರ್ಷಗಳ ಮೇಲೆ ಬೆಟ್ಟ ಹತ್ತಿದಾಗ ಒಂದು ಕರಿಯ ದುಂಬಿ ಕಂಡಿತು. ಹತ್ತಿರ ಹೋಗಿ ನೋಡಿದರೆ ಅದರ ಕುತ್ತಿಗೆಯಲ್ಲಿ ಹಳದಿಯ ಒಂದು ಎಳೆ. ತೆಳ್ಳಗೆ, ನೂಲಿನ ಹಾಗೆ. ಹೊರಗಿನದರ ರಕ್ತ ಅದರಲ್ಲಿ ಬೆರೆತಿತ್ತು. ಆಮೇಲಿನ ವರ್ಷ ಅವರು ಓಡಾಡುತ್ತಿದ್ದ ಆ ಬೆಟ್ಟದ ಬದಿಯಲ್ಲಿ ಪೂರ್ತಿ ಕರಿಯದೊಂದೂ ಕಣ್ಣಿಗೆ ಬೀಳಲಿಲ್ಲ. ಅವರು ವಾಪಸು ಬಂದು ಡಬ್ಬಿ ತೆಗೆದು, ಹಳದಿ ಪಟ್ಟಿಯದನ್ನು ಕಿತ್ತು ಸಮುದ್ರಕ್ಕೆ ಎಸೆದರಂತೆ.

"ದ್ವೀಪದಲ್ಲಿ ಒಂದು ಜಾತಿ ಹೋದರೆ ಅದರ ಜಾಗಕ್ಕೆ ಬರಲು ಪಕ್ಕದ ಊರಿರುವುದಿಲ್ಲ," ಎಂದರು. ಬಾವಿಯೊಳಗೆ ಬಗ್ಗಿ ನೋಡಿದರು. "ಇದೂ ಒಂದು ದ್ವೀಪವೇ."

ಅಣ್ಣ ಸುಮ್ಮನಿರುವವನಲ್ಲ. "ಇಲ್ಲಿ ಬ್ಯಾಸಗಿ ಬಿಸಲಿಗೆ ನಾವs ಸಾಯತೇವಿ. ಈ ಕಂಬಳಿ ಹೊತ್ತಾವು ಉಳಿತಾವೇನ್ರಿ?"

"ಉಳಿಯುವುದಿಲ್ಲ ಎಂದೇ ನನಗೂ ಅನ್ನಿಸುತ್ತದೆ. ಆದರೆ ಅವುಗಳ ಮೈಮೇಲೆ, ಹೊಟ್ಟೆಯೊಳಗೆ ಏನೇನು ಬಂದಿದೆ ಗೊತ್ತಿಲ್ಲ. ಒಂದೇ ಹೂವಿನಲ್ಲಿ ಇವು ಕೂತೆದ್ದ ಮೇಲೆ ನಿಮ್ಮ ಜೇನು ಕೂರುತ್ತದೆ. ಇವು ಸಾಯುತ್ತವೆ. ಬಂದ ರೋಗವೂ ಜೊತೆಗೇ ಸಾಯಬೇಕಲ್ಲ..."

ಅವ್ವ ಬಾವಿಯ ಕಡೆ ನೋಡಿದಳು. ಅವಳಿಗೆ ಅರ್ಥವಾಗಿತ್ತು.

ಸಿಸ್ಟರು ದಾರಿಯನ್ನೂ ಹೇಳಿದರು. ಆ ಡಬ್ಬಿಯ ಬಾಗಿಲಿಗೆ ಒಂದು ಅಡ್ಡಪಟ್ಟಿ ಇರುತ್ತದೆ. ಅದನ್ನು ಸರಿಸಿದರೆ ಹೊರಗಿನವು ಒಳಗೆ ಹೋಗಬಹುದು, ಒಳಗಿನವು ಹೊರಗೆ ಬರಲಾರವು. ಹೊತ್ತು ಮುಳುಗುವುದರೊಳಗೆ ಎಲ್ಲ ಮನೆ ಸೇರುತ್ತವೆ. ಆಮೇಲೆ ಡಬ್ಬಿಯನ್ನು ದ್ರಾಕ್ಷಿ ಇಡುವ ತಂಪು ಗೋದಾಮಿನಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತವೆ.

"ಇವತ್ತs ಏನ್ರಿ?" ಅಣ್ಣನ ದನಿ ತಗ್ಗಿತು. "ಚರಗದ ದಿನಾ ಜೀವಾ ತಗೀಬೇಕೇನ್ರಿ ಸಿಸ್ಟರ್? ಅದೂ ಉಡಿ ತುಂಬಿದಮ್ಯಾಲ? ನನ್ನ ಕೈಲೆ ಆಗೂದಿಲ್ಲ. ನಾಳಿ ಮುಂಜಾನೆ ನಾನs ಒಯ್ದು ಇಡತೇನಿ, ಬಾವಿ ಮ್ಯಾಲ ಆಣಿ."

ಸಿಸ್ಟರು ಅತಿಥಿಯಾಗಿ ಬಂದವರು, ಹಬ್ಬದ ದಿನ ಕೊಲ್ಲು ಅನ್ನುವುದು ಅವರ ಬಾಯಲ್ಲಿ ಬರಲಿಲ್ಲವೋ ಏನೋ. ತಾವೇ ಒಳಗೆ ಹೋಗಿ ಅಡ್ಡಪಟ್ಟಿ ಸರಿಸಿ ಬಂದರು. "ನಾಳೆ. ಆದರೆ ಆ ಪಟ್ಟಿ ಮುಟ್ಟಬೇಡಿ," ಎಂದರು. ಅಣ್ಣ ತಲೆಯಾಡಿಸಿದ. ಅವ್ವ ಆಗ ಬುತ್ತಿ ಕಟ್ಟುತ್ತ ಬನ್ನಿಗಿಡದ ಹತ್ತಿರ ಹೋಗಿದ್ದಳು. ಪಟ್ಟಿಯ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಚಳಿ ಇತ್ತು. ಅವ್ವ ಮುಂದೆ, ಅಣ್ಣ, ಸಿಸ್ಟರು, ನಾನು ಹಿಂದೆ. ಪಾಲಿಹೌಸಿನ ಪರದೆಗಳು ನಿನ್ನೆಯ ಹಾಗೆಯೇ ಮೇಲೆ ಸುತ್ತಿದ್ದವು, ಇಳಿಸುವುದನ್ನು ಎಲ್ಲರೂ ಮರೆತಿದ್ದರು. ರಟ್ಟಿನ ಡಬ್ಬಿಯ ಮುಂದೆ ಬಾಳೆಲೆಯ ತುಂಡಿನಲ್ಲಿ ಕಡಬು, ಬೆಲ್ಲದ ಹಾಲು. ಇರುವೆ ಮುತ್ತಿದ್ದವು. ಅಡ್ಡಪಟ್ಟಿ ಪೂರ್ತಿ ತೆರೆದಿತ್ತು.

"ಯಾರು ತಗದ್ರು?" ಅಣ್ಣ ಚೀರಿದ.

"ನಾನs ತಗದೆ, ಯಪ್ಪಾ," ಎಂದಳು ಅವ್ವ, ಏನೂ ಆಗದವಳ ಹಾಗೆ. "ನಿನ್ನಿ ಸಂಜಿ ಬುಟ್ಟಿ ಒಯ್ಯಾಕ ಬಂದಿದ್ದೆ. ಒಳಗ ಕರ್ರ ಕರ್ರ ಕೆರ್‍ಯಾಕತ್ತಿದ್ದುವು. ಸಾಯೂವು ಸಾಯಲಿ, ಅದು ನಾಳಿ ಮಾತು. ಚರಗದ ದಿನಾ ಒಳಗ ಕೂಡಿ ಹಾಕಿ ಉಪಾಸ ಕೆಡವೂದು ಯಾವ ನ್ಯಾಯ? ಎಡಿ ಇಟ್ಟು, ಬಾಗಲಾ ತಗದು ಬಂದೆ."

ಅವಳು ಮಾಡಿದ್ದು ಅವಳ ಅವ್ವ ಮಾಡುತ್ತಿದ್ದುದನ್ನೇ, ಅವಳ ಅಜ್ಜಿ ಮಾಡುತ್ತಿದ್ದುದನ್ನೇ.

ಸಿಸ್ಟರು ಡಬ್ಬಿಯ ಮೇಲ್ಮುಚ್ಚಳ ಸರಿಸಿ, ಒಳಗಿನ ಪಾರದರ್ಶಕ ಹಾಳೆಯ ಮೂಲಕ ಇಣುಕಿದರು. ನನ್ನನ್ನೂ ಕರೆದು ತೋರಿಸಿದರು. ಮೇಣದ ಹಂಡೆಗಳಂಥ ಗೂಡು, ಅದರ ಮೇಲೆ ಸಣ್ಣ ದುಂಬಿಗಳು ಹರಿದಾಡುತ್ತಿದ್ದವು. ಬದಿಯಲ್ಲಿ ಬೇರೆಯವಕ್ಕಿಂತ ದೊಡ್ಡದಾದ ಕೋಶಗಳು ಒಡೆದು ಬರಿದಾಗಿದ್ದವು. ಬೆರಳಿನಿಂದ ಅವನ್ನೇ ತೋರಿಸಿ, "ಇವು ಹೊಸ ರಾಣಿಯರ ತೊಟ್ಟಿಲು," ಎಂದರು. "ಸಣ್ಣವು ಮನೆಗೆ ಬಂದಿವೆ. ದೊಡ್ಡವರು ಬಂದಿಲ್ಲ. ಅವರು ಬರುವುದೂ ಇಲ್ಲ, ತಮ್ಮದೇ ಗೂಡು ಕಟ್ಟಲು ಹೋದವರು."

ಅಣ್ಣ ಪಟ್ಟಿ ಮುಚ್ಚಿ ಡಬ್ಬಿಯನ್ನು ಹೆಗಲಿಗೇರಿಸಿದ. ಆಗ ಅವ್ವ, "ಅಲ್ಲಿ ನೋಡ್ರಿ," ಎಂದಳು. ಅವಳು ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಹೋಗಿ ನೋಡಿದೆವು. ಕೆಳಗೆ ಕಲ್ಲುಸಂದಿಯ ಬಾಯಲ್ಲಿ ನಮ್ಮ ತುಡುವಿಗಳು ಗುಂಪುಗೂಡಿ ಕೂತಿದ್ದವು, ಚಳಿಗೆ ಇನ್ನೂ ಹಾರಲು ಎದ್ದಿರಲಿಲ್ಲ. ಅವುಗಳ ನಡುವಿನಿಂದ, ಮೈ ಒರೆಸಿಕೊಳ್ಳುತ್ತ, ಹಳದಿ ಪಟ್ಟಿಯ ದಪ್ಪನೆಯ ದುಂಬಿಯೊಂದು ಸಂದಿಯ ಒಳಗಿನಿಂದ ಹೊರಗೆ ಬಂತು. ತುಪ್ಪ ಕದ್ದು ಉಂಡು ಭಾರವಾದದ್ದು. ಒಂದು ಕ್ಷಣ ಅಂಚಿನಲ್ಲಿ ಕೂತು ಎದೆ ನಡುಗಿಸಿತು. ಆಮೇಲೆ ಮೇಲೆದ್ದು, ನಮ್ಮ ಮುಖಗಳ ನಡುವಿನಿಂದಲೇ ಹಾದು, ಸೂರ್ಯಕಾಂತಿಯ ಕಡೆ ಹೋಯಿತು. ಬಿಳಿ ಬಾಲ ಹೊಲದ ಮೇಲೆ ಬಹಳ ದೂರದವರೆಗೂ ಕಾಣುತ್ತಿತ್ತು...

ಅಣ್ಣನ ಹೆಗಲಿನ ಡಬ್ಬಿಯೊಳಗಿನಿಂದ ಅದೇ ದನಿ ಬರುತ್ತಿತ್ತು. ಅವನು ತಂಪು ಗೋದಾಮಿಗೆ ಹೋಗಲು ಟಂಟಂ ಗಾಡಿ ಹತ್ತಿದ. ಅವ್ವ ಬಾವಿಕಟ್ಟೆ ಹಿಡಿದು ಕೆಳಗೆ ಕೂತಳು. ಸಿಸ್ಟರು ಅವಳ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. ಒಬ್ಬರ ಭಾಷೆ ಒಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು.

"ನಾ ತಪ್ಪ ಮಾಡಿದ್ನೇನ್ರಿ?"

"ಇಲ್ಲ ಅವ್ವಾ. ಹಸಿದವರಿಗೆ ಬಾಗಿಲು ತೆಗೆದಿರಿ, ಅಷ್ಟೇ," ಎಂದರು ಸಿಸ್ಟರು. ಅವರ ಇನ್ನೊಂದು ಕೈ ಎದೆಯ ಮೇಲಿನ ಶಿಲುಬೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಬೆರಳಿನ ಗೆಣ್ಣು ಬೆಳ್ಳಗಾಗಿದ್ದವು.

ಟೊಮೆಟೊ ಆ ಸಲ ಚೆನ್ನಾಗಿ ಕಾಯಿ ಹಿಡಿಯಿತು. ಅಣ್ಣ ಒಂದು ಬುಟ್ಟಿ ಕಳಿಸಿದ್ದ. ನನಗೆ ಹೆಚ್ಚಲು ಮನಸ್ಸಾಗಲಿಲ್ಲ, ಕೆಲಸದಾಕೆಗೆ ಕೊಟ್ಟೆ.

ಬೇಸಿಗೆ ಬಂತು. ಸಿಸ್ಟರು ಹಾಸಿಗೆ ಹಿಡಿದರು. ನಾನು ಹೋದಾಗೆಲ್ಲ ಅವರು ಮೊದಲು ಕೇಳುವುದು ಒಂದೇ: "ಬಾವಿ ಹೇಗಿದೆ?" ಅಣ್ಣನಿಗೆ ಫೋನು ಮಾಡಿ ಕೇಳಿ, ಅವನು ಹೇಳಿದ್ದನ್ನೇ ಹೇಳುತ್ತಿದ್ದೆ. ಮೊದಲು, ಹಂಗs ಅದಾವ ಎಂದ. ಆಮೇಲೆ, ಹೊರಗ ಬಂದಾವು ಹಾರಲಾರದ ಕಟ್ಟಿ ಮ್ಯಾಲ ತೆವಳಾಕತ್ತಾವ ಎಂದ. ಇನ್ನೊಂದು ಸಲ, ಅವ್ವ ದಿನಾ ಕಸಬರಿಗಿ ಹಿಡದು ಸತ್ತಾವನ್ನ ಬಳೀತಾಳ ಎಂದ. ಯಾವುದು ಬಿಸಿಲಿನಿಂದ, ಯಾವುದು ದ್ರಾಕ್ಷಿಪಡಕ್ಕೆ ಹೊಡೆಯುವ ಔಷಧದಿಂದ, ಯಾವುದು ಆ ಡಬ್ಬಿಯಿಂದ, ಯಾರಿಗೂ ಹೇಳಲು ಬರುವಂತಿರಲಿಲ್ಲ. ಸಿಸ್ಟರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು.

ಮುಂಗಾರಿನ ಮೊದಲ ಮಳೆಯಾದ ವಾರ ಅವ್ವ ತಾನೇ ಫೋನು ಹಿಡಿದಳು. ಅವಳಿಗೆ ಫೋನಿನಲ್ಲಿ ಮಾತಾಡಿ ರೂಢಿಯಿಲ್ಲ. "ಬಾವಿ ಉಸರಾಡವಲ್ದವಾ," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಅವತ್ತೇ ಮಧ್ಯಾಹ್ನ ಕಾನ್ವೆಂಟಿಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಸಿಸ್ಟರು ನನ್ನ ಮುಖ ನೋಡಿದರು. ಆ ದಿನ ಬಾವಿಯ ಮಾತು ಕೇಳಲೇ ಇಲ್ಲ. ದಿಂಬಿನ ಕೆಳಗಿನಿಂದ ಡಬ್ಬಿ ತೆಗೆದು ನನ್ನ ಮಡಿಲಲ್ಲಿಟ್ಟರು. ಎರಡನೆಯ ಪಿನ್ನು ಈಗ ಖಾಲಿ ಇರಲಿಲ್ಲ. ಪಾಲಿಹೌಸಿನ ನೆಲದ ಮೇಲೆ ಸತ್ತು ಬಿದ್ದಿದ್ದ ಒಂದನ್ನು ಅವರು ಆವತ್ತೇ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

"ಇದನ್ನು ಎಸೆಯಬಾರದಿತ್ತು ನಾನು, ಆಗ," ಎಂದರು. "ಮುಖ ಮರೆತರೆ ಮತ್ತೆ ಬಂದಾಗ ಗುರುತು ಹಿಡಿಯುವವರು ಯಾರು?"

ಶ್ರಾವಣದೊಳಗೆ ಅವರು ಹೋದರು. ಊರ ಹೊರಗಿನ ಸ್ಮಶಾನದಲ್ಲಿ ಅವರ ಪೆಟ್ಟಿಗೆ ಇಳಿಸುವಾಗ ಒಂದು ಗುಂಗಿಹುಳ ಬಂದು ಹೂಮಾಲೆಯ ಸುತ್ತ ಸುಳಿಯಿತು. ಹೊಟ್ಟೆ ಮಿಂಚುತ್ತಿತ್ತು. ನಮ್ಮ ಊರಿನವಳೇ ಎಂದು ಸಮಾಧಾನವಾಯಿತು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಬಾವಿಯಲ್ಲಿ ಮತ್ತೆ ಜೇನು ಕೂರಲಿಲ್ಲ. ಅವ್ವ ಈಗಲೂ ಚರಗದ ಮೊದಲ ಹಿಡಿಯನ್ನು ಅಲ್ಲಿಗೇ ಹಾಕುತ್ತಾಳೆ, ಬಗ್ಗಿ ಆಲಿಸುತ್ತಾಳೆ, ಎದ್ದು ಬರುತ್ತಾಳೆ. ಅಣ್ಣ ಪಾಲಿಹೌಸಿನ ಪ್ಲಾಸ್ಟಿಕ್ಕು ಬಿಚ್ಚಿ ಹಾಕಿದ್ದಾನೆ. ಬರಿಯ ಕಬ್ಬಿಣದ ಕಮಾನುಗಳು ನಿಂತಿವೆ.

ಮೊನ್ನೆ ಬೆಳಿಗ್ಗೆ, ಎಳ್ಳ ಅಮಾವಾಸ್ಯೆಗೆ ಇನ್ನೂ ವಾರವಿರುವಾಗ, ಮಾಳಿಗೆಯ ಮೇಲೆ ಕುಂಡದ ಬದನೆಗಿಡಕ್ಕೆ ನೀರು ಹಾಕುತ್ತಿದ್ದೆ. ನೇರಳೆ ಹೂವಿಗೆ ಏನೋ ಜೋತುಬಿದ್ದು ಗುಂಯ್ ಅಂದಿತು. ಗುಂಗಿಹುಳವೂ ಬದನೆ ಹೂವಿಗೆ ಹಾಗೆಯೇ ಮಾಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಕೆಳಗೆ ಇಳಿದು ಹೋಗಿ ಗಾಜಿನ ಲೋಟ ತಂದೆ. ಲೋಟ ಬೋರಲು ಹಾಕಿ, ಅಡಿಗೆ ಕಾಗದ ತೂರಿಸಿ, ಬಿಸಿಲಿಗೆ ಹಿಡಿದು ನೋಡಿದೆ. ಮೊದಲು ಹೊಟ್ಟೆ. ಕಂಬಳಿ. ಆಮೇಲೆ ಕುತ್ತಿಗೆ. ಆಮೇಲೆ ಬಾಲ.

"ಸಿಸ್ಟರ್, ನೋಡ್ರಿ ಇಲ್ಲಿ," ಎಂದುಬಿಟ್ಟೆ ಗಟ್ಟಿಯಾಗಿ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಬಿಟ್ಟರೆ ಯಾರೂ ಇರಲಿಲ್ಲ.

ಆಮೇಲೆಯೇ ಟ್ರಂಕು ತೆಗೆದದ್ದು. ಲೋಟವನ್ನೂ ಡಬ್ಬಿಯನ್ನೂ ಪಕ್ಕಪಕ್ಕದಲ್ಲಿಟ್ಟು ಎರಡನೆಯ ಪಿನ್ನಿನ ದುಂಬಿಯನ್ನೂ ಲೋಟದೊಳಗಿನದನ್ನೂ ಬಹಳ ಹೊತ್ತು ನೋಡಿದೆ. ಕುತ್ತಿಗೆಯ ಹಳದಿ ಅದೇ, ಹೊಟ್ಟೆಯ ಹಳದಿ ಅದೇ. ಅಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ನಿಮ್ಮ ಕಡೆ ಯಾರರ ಮತ್ತ ಆ ಡಬ್ಬಿ ತರಸ್ಯಾರೇನು?"

"ನಿಡೋಣಿ ಕಡೆ ಹೊಸಾ ಪಾಲಿಹೌಸ್ ಎದ್ದಾವ ಅಂತ ಕೇಳೇನಿ," ಎಂದ. "ಡಬ್ಬಿ ಒಂದಲ್ಲಂತ ತಂಗಿ. ಭಾಳ ಅದಾವಂತ."

ಇದನ್ನು ಬರೆಯುವಾಗ ಲೋಟದೊಳಗಿನ ಸದ್ದು ನಿಂತಿದೆ. ಗಾಜಿನ ಮೇಲೆ ಬೆರಳಿಟ್ಟೆ, ತಣ್ಣಗಿತ್ತು. ಡಬ್ಬಿಯ ಕಾರ್ಕಿನಲ್ಲಿ ಇನ್ನೂ ಒಂದು ದುಂಬಿಗೆ ಜಾಗವಿದೆ. ಸೀರೆಗೆ ಹಚ್ಚುವ ಪಿನ್ನು ಒಂದನ್ನು ತೆಗೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆಯ ಬಬಲೇಶ್ವರದ ಬಸ್ಸಿಗೆ ಹೊರಡಬೇಕು. ಅಲ್ಲಿಂದ ನಿಡೋಣಿ. ಯಾರ ಹೊಲ, ಯಾರ ಬಾಗಿಲು, ಹೋಗಿ ಏನು ಹೇಳಬೇಕು... ಗೊತ್ತಿಲ್ಲ. ಸಿಸ್ಟರ್ ಇದ್ದಿದ್ದರೆ ಅವರ ಹಿಂದೆ ಹೋಗುತ್ತಿದ್ದೆ. ಈಗ ಡಬ್ಬಿ ಹಿಡಿದುಕೊಂಡು ನಾನೊಬ್ಬಳೇ ಹೋಗಬೇಕು. ಅಮಾವಾಸ್ಯೆಗೆ ಮೊದಲು ಹೋಗಬೇಕು. ಚರಗದ ದಿನ ಅವರೂ ಬಾಗಿಲು ತೆಗೆಯುತ್ತಾರೆ.